ಉಂಗುರ ಬೆರಳಿನ ಜಾಗ

ಕಚೇರಿಯಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಹೊಸ ಲ್ಯಾಪ್‌ಟಾಪ್ ಯಾವುದೇ ಬರಲಿ, ಅವಳು ಮೊದಲು ಅದನ್ನು ಎರಡೂ ಅಂಗೈಗಳ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಕಣ್ಣು ಮುಚ್ಚಿ, ಕೂಸನ್ನು ಆಡಿಸುವ ಹಾಗೆ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿದ್ದಳು. ಆಮೇಲೆ ಒಂದು ಅಂಕಿ ಹೇಳುತ್ತಿದ್ದಳು. ತೂಕದ ಯಂತ್ರದ ಮೇಲಿಟ್ಟು ನೋಡಿದರೆ ಹತ್ತಿಪ್ಪತ್ತು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬರುತ್ತಿರಲಿಲ್ಲ.

"ನಿನ್ನ ಕಟ್ಟಿಕೊಳ್ಳೋನು ಊಟ ಆದಮೇಲೆ ನಿನ್ನ ಕೈಗೆ ಸಿಗಬಾರದು ಕಣಮ್ಮ. ಎಷ್ಟು ತಿಂದ ಅಂತ ಹೇಳಿಬಿಡ್ತೀಯ" ಎಂದು ಪಕ್ಕದ ಕೋಣೆಯ ಸ್ಕ್ರೂ ಮಾವ ಕೀಟಲೆ ಮಾಡುತ್ತಿದ್ದರು. ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಅವರ ಕೆಲಸ. ಅವರ ಅಂಗಿಯ ಜೇಬಿನಲ್ಲಿ ಸದಾ ನಾಲ್ಕಾರು ಸ್ಕ್ರೂಗಳು ಸದ್ದು ಮಾಡುತ್ತಿದ್ದುದರಿಂದ ಆ ಹೆಸರು.

ಆಟಕ್ಕೆಂದೇ ಮಾಡಿದ, ಆದರೆ ಚೀಲಕ್ಕೆ ಹಾಕಿಕೊಂಡು ಓಡಾಡುವಷ್ಟು ತೆಳ್ಳಗಿನ ಲ್ಯಾಪ್‌ಟಾಪುಗಳು ಮಾರಾಟಕ್ಕೆ ಬರುವ ಮೊದಲು ಅವಳ ಮೇಜಿಗೆ ಬರುತ್ತಿದ್ದವು. ಅವುಗಳನ್ನು ಒಂದು ವಾರ ದುಡಿಸಿ, ಕೊಳ್ಳಬಹುದೋ ಬೇಡವೋ ಎಂದು ಪತ್ರಿಕೆಗೆ ಬರೆಯಬೇಕು. "ಆಟ ಆಡೋಕೂ ಸಂಬಳ ಕೊಡ್ತಾರಾ?" ಎಂದು ಮನೆ ಹತ್ತಿರದ ಔಷಧಿ ಅಂಗಡಿಯವನು ಸಿಕ್ಕಾಗಲೆಲ್ಲ ಕೇಳುತ್ತಿದ್ದ. ನಿಜ ಹೇಳಬೇಕೆಂದರೆ ಅವಳಿಗೆ ಆಟ ಆಡಲು ಬರುತ್ತಲೇ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಯಂತ್ರಗಳ ಮೈ. ಯಾವುದು ಎಷ್ಟು ಭಾರ, ಯಾವುದು ಎಷ್ಟು ಹೊತ್ತಿಗೆ ಏದುಸಿರು ಬಿಡುತ್ತದೆ, ಯಾವುದರ ಮುಚ್ಚಳ ಒಂದೇ ಕೈಯಲ್ಲಿ ತೆರೆಯುತ್ತದೆ, ಯಾವುದು ಮೂರು ಗಂಟೆಗೆ ಸುಸ್ತಾಗಿ ಚಾರ್ಜರ್ ಕೇಳುತ್ತದೆ, ಇಂಥವು.

ಕಚೇರಿ ಇದ್ದದ್ದು ಒಂದು ಚಪ್ಪಲಿ ಅಂಗಡಿಯ ಮೇಲೆ. ಮೂರು ಕೋಣೆ. ನಡುವಿನದು ಪರೀಕ್ಷೆಯ ಕೋಣೆ. ಫ್ಯಾನಿನ ಸದ್ದನ್ನು ಅಳೆಯಬೇಕಲ್ಲ, ಅದಕ್ಕೆಂದು ಗೋಡೆಗಳಿಗೆಲ್ಲ ದಪ್ಪನೆಯ ಬೂದು ಸ್ಪಂಜು ಅಂಟಿಸಿ, ಕಿಟಕಿಯನ್ನು ಶಾಶ್ವತವಾಗಿ ಮುಚ್ಚಿದ್ದರು. ಬಾಗಿಲಲ್ಲಿ ಮಾತ್ರ ಒಂದು ಸಣ್ಣ ಗಾಜು. ಅಲ್ಲಿ ಮಾತಾಡಿದರೆ ಮಾತು ಬಾಯಿಂದ ಎರಡಡಿ ಹೋಗಿ ಸತ್ತುಬೀಳುತ್ತಿತ್ತು. ಬಾಗಿಲು ಹಾಕಿಕೊಂಡು ಕೂತರೆ ಮೊದಲು ಯಂತ್ರದ ಸದ್ದು ಕೇಳಿಸುತ್ತದೆ, ಆಮೇಲೆ ನಮ್ಮದೇ ಉಸಿರು, ಆಮೇಲೆ ಕಿವಿಯೊಳಗೆ ಹರಿಯುವ ರಕ್ತ. ಅದರಾಚೆಗೆ ಏನಾದರೂ ಕೇಳಿಸುವ ಮೊದಲು ಅವಳು ಎದ್ದು ಹೊರಗೆ ಬಂದುಬಿಡುತ್ತಿದ್ದಳು.

ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತಿದ್ದವರನ್ನು ಮೇಷ್ಟ್ರು ಅನ್ನುತ್ತಿದ್ದರು. ಪಾಠ ಹೇಳಿದವರಲ್ಲ. ಯಂತ್ರಗಳಿಗೆ ಅಂಕ ಕೊಡುತ್ತಿದ್ದರು, ಅದೂ ಕೈ ಬಿಗಿ ಹಿಡಿದು. ಅವರು ತೀರಿಕೊಂಡು ಆರು ತಿಂಗಳಾದ ಮೇಲೆ ಅವಳು ಕೆಲಸಕ್ಕೆ ಸೇರಿದಳು. ಅವರ ಮುಖವನ್ನು ಫೋಟೋದಲ್ಲೂ ನೋಡಿರಲಿಲ್ಲ. ಆದರೂ ದಿನವೆಲ್ಲ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಹಾಗಿರುತ್ತಿತ್ತು. ಪರೀಕ್ಷೆಯ ಫಾರ್ಮು ಅವರದು. ಅದರಲ್ಲಿ 'ಶಾಖ' ಎಂಬ ಶೀರ್ಷಿಕೆಯ ಕೆಳಗೆ ಐದೇ ಸಾಲು: ಡಬ್ಲ್ಯೂ ಕೀ, ಡಿ ಕೀ, ಶಿಫ್ಟ್, ಸ್ಪೇಸ್ ಬಾರ್, ಎಡಗೈಯ ಅಂಗೈ ಊರುವ ಜಾಗ. ಆಟ ಆಡುವವರ ಬಲಗೈ ಮೌಸ್ ಮೇಲಿರುತ್ತದೆ, ಎಡಗೈ ಗಂಟೆಗಟ್ಟಲೆ ಅಲ್ಲೇ ಊರಿರುತ್ತದೆ. ಆ ಐದು ಜಾಗಗಳಿಗೆ ಶಾಖ ಅಳೆಯುವ ಗನ್ನು ಹಿಡಿದು, ಐದೂ ಕಡೆ ನಲವತ್ತು ಡಿಗ್ರಿಯ ಒಳಗಿದ್ದರೆ ಪಾಸು. ಹನ್ನೊಂದು ವರ್ಷದಿಂದ ಪ್ರತಿ ವರದಿಯಲ್ಲೂ ಅದೇ ಐದು ಅಂಕಿಗಳು, ಅದೇ ಕ್ರಮದಲ್ಲಿ, ಪಟ್ಟಿ ಕಟ್ಟಿ ಅಚ್ಚಾಗುತ್ತಿದ್ದವು.

ಓಟ ಕೂಡ ಮೇಷ್ಟ್ರದೇ. ಒಂದು ಆಟದೊಳಗಿನ ಬಿಕೋ ಅನ್ನುವ ಊರಿನಲ್ಲಿ ಒಬ್ಬ ಮನುಷ್ಯನನ್ನು ಇಪ್ಪತ್ತೆಂಟು ನಿಮಿಷ ಓಡಿಸಿ, ಅದನ್ನು ದಾಖಲು ಮಾಡಿಟ್ಟಿದ್ದರು. ಪ್ರತಿ ಯಂತ್ರಕ್ಕೂ ಅದೇ ಓಟ. ಅವಳು ಅದನ್ನು ಶುರು ಮಾಡಿ ಕೈಕಟ್ಟಿ ಕೂರುತ್ತಿದ್ದಳು. ಮುಗಿಯುವ ತನಕ ಯಂತ್ರವನ್ನು ಯಾರೂ ಮುಟ್ಟುವ ಹಾಗಿಲ್ಲ. ತೆರೆಯ ಮೇಲೆ ಆ ಮನುಷ್ಯ ತಾನೇ ತಾನಾಗಿ ಬೀದಿ ಬೀದಿ ಓಡುತ್ತಿದ್ದ. ಎಡಕ್ಕೆ ತಿರುಗುವಾಗ ಮಾತ್ರ ಪ್ರತಿ ಸಲವೂ ಒಂದು ಕ್ಷಣ ತಡೆದು, ಯಾರನ್ನೋ ಕೇಳಿಕೊಂಡು ಹೊರಟ ಹಾಗೆ ತಿರುಗುತ್ತಿದ್ದ. ಅದು ಆಟದ್ದೇ ದೋಷ ಎಂದು ಅವಳು ತಿಳಿದಿದ್ದಳು.

ಮನೆಯಲ್ಲಿ ಅವಳು ಮತ್ತು ತಂಗಿ, ಇಬ್ಬರೇ. ತಂಗಿ ಈಜು ಕಲಿಸುತ್ತಿದ್ದವಳು. ಎರಡು ವರ್ಷದ ಹಿಂದೆ ಈಜುಕೊಳದ ಒದ್ದೆ ಮೆಟ್ಟಿಲಲ್ಲಿ ಜಾರಿ ಬೆನ್ನುಹುರಿಗೆ ಪೆಟ್ಟು ಬಿತ್ತು. ಬಲಗಾಲು ನಿಧಾನವಾಗಿ ಸುಧಾರಿಸಿತು. ಎಡಗಾಲು ಸೊಂಟದಿಂದ ಕೆಳಗೆ ತನ್ನದಲ್ಲ ಎಂಬಂತಾಗಿತ್ತು, ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. "ಬಿಸಿನೀರು, ಬಿಸಿ ಪಾತ್ರೆ ಹತ್ತಿರ ಹುಷಾರು" ಎಂದು ಡಾಕ್ಟರು ಮೂರು ಸಲ ಹೇಳಿ ಕಳಿಸಿದ್ದರು. ಈಗ ಅವಳು ಹಾಸಿಗೆಯಲ್ಲಿ ದಿಂಬಿಗೊರಗಿ ಆಟ ಆಡುತ್ತಿದ್ದಳು. ಆಟದೊಳಗೆ ಅವಳು ಓಡುತ್ತಿದ್ದಳು, ಗೋಡೆ ಹತ್ತುತ್ತಿದ್ದಳು, ಎತ್ತರದ ಬಂಡೆಯಿಂದ ನೀರಿಗೆ ಹಾರುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಷ್ಟು ಹೊತ್ತು ಆ ಮುಖದಲ್ಲಿ ಹಳೆಯ ತಂಗಿಯೇ ಇರುತ್ತಿದ್ದಳು.

ಮನೆಯಲ್ಲಿದ್ದದ್ದು ಚಪ್ಪಡಿಕಲ್ಲಿನಂಥ ಹಳೆಯ ಯಂತ್ರ. ಎತ್ತಿ ಕೊಡಲು ಯಾರಾದರೂ ಬೇಕು. ಅದಕ್ಕೇ ತಂಗಿ ಪರೀಕ್ಷೆಯ ಯಂತ್ರಗಳಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಕಂಪನಿಗಳು ಎರಡೆರಡು ಕಳಿಸುವುದು ವಾಡಿಕೆ. ಒಂದು ಕಚೇರಿಯಲ್ಲಿ ಇರಬೇಕು. ಶಾಖದಲ್ಲಿ ಪಾಸಾದರೆ ಇನ್ನೊಂದು ಪರೀಕ್ಷಕರ ಮನೆಯಲ್ಲಿ ಒಂದು ವಾರ ಬಾಳಬೇಕು. ತಂಗಿಗೆ ಕೊನೆಗೆ ಯಾವುದನ್ನು ಕೊಡಿಸುವುದು ಎಂಬುದೂ ಹಾಗೆಯೇ ಗೊತ್ತಾಗಲಿದೆ ಎಂದು ಅವರಿಬ್ಬರೂ ಮಾತಾಡಿಕೊಂಡಿದ್ದರು.

ಆ ಸೋಮವಾರ ಬಂದ ಜೋಡಿ ಎಲ್ಲಕ್ಕಿಂತ ತೆಳ್ಳಗಿತ್ತು. ಮಸಿಗಪ್ಪು ಮೈ, ಎಲ್ಲೂ ಒಂದು ಅಕ್ಷರವಿಲ್ಲ. ಅಂಗೈ ಮೇಲಿಟ್ಟುಕೊಂಡರೆ ಬಟ್ಟೆ ಮಡಿಸಿಟ್ಟ ಹಾಗೆ. "ಒಂದೂವರೆ ಕಿಲೋ, ಮೇಲೆ ಹತ್ತು ಗ್ರಾಂ" ಎಂದಳು. ಸರಿಯಾಗಿ ಅಷ್ಟೇ ಇತ್ತು. ಓಟ ಮುಗಿದ ಮೇಲೆ ಗನ್ನು ಹಿಡಿದಳು. ಮೂವತ್ತಮೂರು, ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತಮೂರು, ಅಂಗೈ ಜಾಗದಲ್ಲಿ ಮೂವತ್ತೆರಡು. ಅವಳು ಗನ್ನು ಕೆಟ್ಟಿರಬೇಕೆಂದು ತನ್ನ ಹಣೆಗೆ ಹಿಡಿದು ನೋಡಿಕೊಂಡಳು. ಕೆಟ್ಟಿರಲಿಲ್ಲ. ಇಷ್ಟು ತೆಳ್ಳಗಿನ ಯಂತ್ರ ಇಷ್ಟು ತಣ್ಣಗಿದ್ದದ್ದನ್ನು ಅವಳು ಕಂಡಿರಲಿಲ್ಲ. ಸಂಜೆ ಎರಡನೆಯದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ತಂಗಿ ಅದನ್ನು ಒಂದೇ ಕೈಯಲ್ಲಿ ಎತ್ತಿ, ಇನ್ನೊಂದು ಕೈಗೆ ಬದಲಾಯಿಸಿ, ಮತ್ತೆ ಎತ್ತಿದಳು.

"ಅಕ್ಕ, ಇದನ್ನ ನಾನೇ ತಗೋಬಹುದು ಕಣೇ. ಮೇಜಿಂದ ನಾನೇ ತಗೊಂಡು ನಾನೇ ಇಡಬಹುದು."

"ಇನ್ನೂ ಒಂದು ವಾರ ಇದೆ. ಈಗಲೇ ನಂಟು ಬೆಳೆಸಬೇಡ."

"ನೀನು ಯಂತ್ರಕ್ಕೆ ಅಂಕ ಕೊಡು, ನನಗೆ ಬುದ್ಧಿ ಹೇಳಬೇಡ" ಎಂದು ತಂಗಿ ಅದನ್ನು ತೊಡೆ ಮೇಲೆ ಇಟ್ಟುಕೊಂಡಳು.

ಬುಧವಾರ ಮಧ್ಯಾಹ್ನ ಸಂಪಾದಕರು ವರದಿಯ ಜೊತೆಗೆ ಒಂದು ಒಳ್ಳೆ ಚಿತ್ರ ಬೇಕೆಂದರು. ಕಚೇರಿಗೆ ಹೊಸದಾಗಿ ಶಾಖದ ಕ್ಯಾಮೆರಾ ಬಂದಿತ್ತು. ಬಿಸಿ ಇರುವಲ್ಲಿ ಕೆಂಪು ಹಳದಿ, ತಣ್ಣಗಿರುವಲ್ಲಿ ನೀಲಿ ತೋರಿಸುವಂಥದ್ದು. ಅವಳು ಓಟ ಶುರು ಮಾಡಿ, ಕೈಕಟ್ಟಿ ಕೂತು, ಮುಗಿದ ಮೇಲೆ ಕೀಬೋರ್ಡಿನ ಮೇಲಿಂದ ಒಂದು ಚಿತ್ರ ತೆಗೆದಳು.

ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಕೀಬೋರ್ಡು ಕೆಂಡದ ಹಾಗೆ ಹೊಳೆಯುತ್ತಿತ್ತು. ಆ ಕೆಂಪಿನ ಮೇಲೆ, ಎಡಗಡೆ, ನೀಲಿ ಬಣ್ಣದ ಒಂದು ಕೈ.

ಅವಳು ಕ್ಯಾಮೆರಾ ಇಳಿಸಿ ಕೀಬೋರ್ಡನ್ನು ನೋಡಿದಳು. ಏನೂ ಇರಲಿಲ್ಲ. ಮತ್ತೆ ಎತ್ತಿದಳು. ಇತ್ತು. ದೊಡ್ಡ ಗಂಡಸಿನ ಅಂಗೈ. ಸ್ಪೇಸ್ ಬಾರಿನ ಮೇಲೆ ಹೆಬ್ಬೆರಳು, ಡಿ ಮೇಲೆ ತೋರುಬೆರಳು, ಡಬ್ಲ್ಯೂ ಮೇಲೆ ನಡುಬೆರಳು, ಶಿಫ್ಟ್ ಮೇಲೆ ಕಿರುಬೆರಳು. ನಡುಬೆರಳಿಗೂ ಕಿರುಬೆರಳಿಗೂ ನಡುವೆ ಏನೂ ಇಲ್ಲ, ಬರೀ ಕೆಂಪು.

ಆ ಕೋಣೆಯಲ್ಲಿ ಯಾರನ್ನಾದರೂ ಕೂಗಿದರೂ ಕೇಳುವುದಿಲ್ಲ. ಎದ್ದು ಹೋಗಿ ಸ್ಕ್ರೂ ಮಾವನನ್ನು ಕರೆತಂದಳು. ಅವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ಚಿತ್ರ ನೋಡಿದರು. ನೋಡುತ್ತ ನೋಡುತ್ತ ಕುರ್ಚಿ ಹುಡುಕಿಕೊಂಡು ಕೂತರು.

"ಯಾರು ಕೈಯಿಟ್ಟಿದ್ದು?"

"ಯಾರೂ ಇಲ್ಲ ಮಾವ. ನಾನು ಇಲ್ಲೇ ಇದ್ದೆ."

"ಉಂಗುರದ ಬೆರಳು ಎಲ್ಲಿ?"

"ಅದೇ ಇಲ್ಲ."

ಅವರು ಸ್ವಲ್ಪ ಹೊತ್ತು ಜೇಬಿನ ಸ್ಕ್ರೂಗಳನ್ನು ಬೆರಳಲ್ಲಿ ಆಡಿಸಿದರು. "ಮೇಷ್ಟ್ರಿಗೂ ಇರಲಿಲ್ಲ" ಎಂದರು.

ವಯಸ್ಸಿನಲ್ಲಿ ಒಂದು ಕಾರ್ಖಾನೆಯಲ್ಲಿದ್ದಾಗ ತಗಡು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈಯ ಉಂಗುರ ಬೆರಳು ಬುಡದಿಂದ ಹೋಗಿತ್ತಂತೆ. ಆ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರಂತೆ, ಫೋಟೋ ಅಂದರೆ ದೂರ ಹೋಗುತ್ತಿದ್ದರಂತೆ. ಆಟದಲ್ಲಿ ಎಡಕ್ಕೆ ತಿರುಗಲು ಎ ಕೀ ಒತ್ತಬೇಕು, ಎಲ್ಲರೂ ಒತ್ತುವುದು ಉಂಗುರ ಬೆರಳಿನಲ್ಲಿ. ಮೇಷ್ಟ್ರು ನಡುಬೆರಳನ್ನೇ ಅಲ್ಲಿಗೆ ಜಾರಿಸಿ ಒತ್ತಬೇಕಾಗುತ್ತಿತ್ತು.

ತೆರೆಯ ಮೇಲಿನ ಮನುಷ್ಯ ಪ್ರತಿ ಎಡತಿರುವಿನಲ್ಲೂ ತಡೆದು ನಿಲ್ಲುವುದು ಅವಳಿಗೆ ನೆನಪಾಯಿತು. ಹತ್ತು ತಿಂಗಳಿಂದ ಅವಳು ದಿನವೂ ನೋಡುತ್ತಿದ್ದದ್ದು ಆ ಬೆರಳಿಲ್ಲದ ಕೈಯನ್ನೇ.

"ಇನ್ನೊಂದು ಸಲ ಓಡಿಸು" ಎಂದರು ಮಾವ. "ಈ ಸಲ ಇಬ್ಬರೂ ಹೊರಗಿರೋಣ."

ಯಂತ್ರ ಪೂರ್ತಿ ಆರುವ ತನಕ ಕಾದು, ಕ್ಯಾಮೆರಾವನ್ನು ಅದರ ತೆರೆ ಬಾಗಿಲ ಕಡೆಗಿರುವಂತೆ ಸ್ಟ್ಯಾಂಡಿಗೆ ಹಾಕಿ, ಓಟ ಶುರು ಮಾಡಿ, ಬಾಗಿಲು ಹಾಕಿಕೊಂಡು ಗಾಜಿನಿಂದ ನೋಡುತ್ತ ನಿಂತರು. ಮೊದಲು ಎಲ್ಲ ಒಂದೇ ಬಣ್ಣ. ಎಂಟು ನಿಮಿಷಕ್ಕೆ ಕೆಂಪು ಹರಡತೊಡಗಿತು, ಅಂಗೈಯಷ್ಟು ಜಾಗ ಮಾತ್ರ ಕೆಂಪಾಗದೆ ಉಳಿಯಿತು. ಹನ್ನೆರಡಕ್ಕೆ ಹೆಬ್ಬೆರಳು. ಆಮೇಲೆ ಉಳಿದವು, ಒಂದೊಂದಾಗಿ, ನೀರಿನ ತಳದಿಂದ ಯಾರೋ ನಿಧಾನವಾಗಿ ಕೈ ಮೇಲೆತ್ತಿದ ಹಾಗೆ. ಕೆಳಗೆ ಚಪ್ಪಲಿ ಅಂಗಡಿಯಲ್ಲಿ ಯಾರೋ ಅಳತೆಯ ಬಗ್ಗೆ ಜಗಳವಾಡುತ್ತಿದ್ದರು. ಅಷ್ಟು ಹಗಲಿತ್ತು, ಅಷ್ಟು ಜನರಿದ್ದರು.

"ನಂಗೆ ದೆವ್ವ ಕಂಡರೆ ಭಯ ಇಲ್ಲ ತಕ್ಕಡಿ, ಸ್ಕ್ರೂ ಕಳೆದುಹೋದರೆ ಭಯ" ಎಂದು ಮಾವ ಯಂತ್ರವನ್ನು ತಮ್ಮ ಮೇಜಿಗೆ ಒಯ್ದರು. ಅವರ ದನಿ ಮಾತ್ರ ಎಂದಿನ ಹಾಗಿರಲಿಲ್ಲ.

ತಳದ ಮುಚ್ಚಳ ತೆಗೆದಾಗ ಇಬ್ಬರೂ ಬಗ್ಗಿ ನೋಡಿದರು. ಅಂಗೈ ಊರುವ ಜಾಗದ ಕೆಳಗೆ ಒಂದು ಪುಟ್ಟ ಫ್ಯಾನು. ಅದರಿಂದ ನಾಲ್ಕು ಗಾಳಿಯ ಕೊಳವೆಗಳು, ಹುಲ್ಲುಕಡ್ಡಿಯಷ್ಟು ಸಣ್ಣವು, ಅಂಗೈಯಿಂದ ಹೊರಟ ಮೂಳೆಗಳ ಹಾಗೆ ಚಾಚಿಕೊಂಡು ನಾಲ್ಕು ಕೀಗಳ ಅಡಿಯಲ್ಲಿ ಕೊನೆಯಾಗಿದ್ದವು. ಬಿಸಿ ಹೊರುವ ತಾಮ್ರದ ಪಟ್ಟಿಗಳನ್ನೆಲ್ಲ ಅವುಗಳಿಂದ ದೂರ ತಳ್ಳಿ, ಒಂದೇ ಕಡೆ ಒಟ್ಟು ಮಾಡಿದ್ದರು. ಉಂಗುರ ಬೆರಳಿನ ಜಾಗದಲ್ಲಿ.

ಮಾವ ಸ್ಕ್ರೂಡ್ರೈವರಿನ ತುದಿಯಿಂದ ನಾಲ್ಕೂ ಕೊಳವೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ, "ಹನ್ನೊಂದು ವರ್ಷ ಅದೇ ಐದು ಜಾಗ ಅಚ್ಚು ಹಾಕಿದೀವಿ. ಓದಿಕೊಂಡು ಕಟ್ಟಿದ್ದಾರೆ" ಎಂದರು.

"ಅವರು ಮೇಷ್ಟ್ರನ್ನ ನೋಡಿರಲ್ಲ."

"ನೋಡೋದು ಯಾಕೆ? ಅವರು ಎಲ್ಲೆಲ್ಲಿ ಮುಟ್ಟಿ ನೋಡ್ತಾರೆ ಅಂತ ಗೊತ್ತಾದರೆ ಸಾಕು. ಮುಟ್ಟೋ ಕಡೆ ತಣ್ಣಗೆ ಮಾಡಿದರು. ಅದು ಮೇಷ್ಟ್ರ ಕೈ ಆಯ್ತು. ಮಾಡಿದವನಿಗೇ ಗೊತ್ತಿರಲ್ಲ, ಯಾರ ಕೈ ಮಾಡ್ತಿದೀನಿ ಅಂತ."

ದೆವ್ವ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ದೆವ್ವ ಒಂದು ಮನೆಗೆ, ಒಂದು ಮರಕ್ಕೆ ಅಂಟಿಕೊಂಡಿರುತ್ತದೆ ಅನ್ನುತ್ತಾರೆ. ಇದು ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುತ್ತದೆ. ಎಷ್ಟು ಸಾವಿರ ಮನೆಗಳಲ್ಲಿ, ಎಷ್ಟು ಸಾವಿರ ಕೀಬೋರ್ಡುಗಳ ಅಡಿಯಲ್ಲಿ ಸತ್ತವರ ಆ ಎಡಗೈ ತಣ್ಣಗೆ ಕಾಯುತ್ತ ಕೂರುತ್ತದೋ.

"ಹಾಗಾದರೆ ಬಿಸಿ ಎಲ್ಲಿ ಹೋಯ್ತು ಮಾವ?" ಎಂದಳು. ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಿತ್ತು.

ಮುಚ್ಚಳ ಹಾಕಿ ಮೂರನೆಯ ಸಲ ಓಡಿಸಿದರು. ಎ ಕೀಗೆ ಗನ್ನು ಹಿಡಿದಳು. ನಲವತ್ತೊಂಬತ್ತು. ಯಂತ್ರ ತಿರುವಿ, ಅದೇ ಜಾಗದ ತಳಕ್ಕೆ ಹಿಡಿದಳು. ಐವತ್ತಮೂರು. ತಳದಲ್ಲಿ ಎಲ್ಲಿ ಅಳೆಯಬೇಕೆಂದು ಫಾರ್ಮಿನಲ್ಲಿ ಬರೆದೇ ಇರಲಿಲ್ಲ. ಮೇಷ್ಟ್ರು ಯಾವತ್ತೂ ಯಂತ್ರವನ್ನು ತೊಡೆ ಮೇಲೆ ಇಟ್ಟುಕೊಂಡವರಲ್ಲ.

ತಂಗಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಆಡುವಾಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಾಳೆ. ಮತ್ತೆ ಮಾಡಿದಳು. ಗನ್ನು ಕೈಯಲ್ಲಿರುವಂತೆಯೇ ಮೆಟ್ಟಿಲಿಳಿದು ಓಡಿದಳು.

ಮನೆಯಲ್ಲಿ ತಂಗಿ ದಿಂಬಿಗೊರಗಿ ಕೂತಿದ್ದಳು. ಎಡಗಾಲು ಚಾಚಿತ್ತು. ಅದರ ಮೇಲೆ ತೆಳುವಾದ ಹೊದಿಕೆ, ಹೊದಿಕೆಯ ಮೇಲೆ ಯಂತ್ರ. ತೆರೆಯ ಮೇಲೆ ಅವಳು ಹಿಮದ ಗುಡ್ಡದಲ್ಲಿ ಓಡುತ್ತಿದ್ದಳು.

"ಒಂದ್ನಿಮಿಷ ಇರೇ, ಇನ್ನೇನು ಸಾಯ್ತೀನಿ" ಎಂದಳು ತಿರುಗಿ ನೋಡದೆ.

ಅಕ್ಕ ಯಂತ್ರವನ್ನು ಎತ್ತಿ ಆಚೆಗಿಟ್ಟಳು. ಹೊದಿಕೆ ಇಸ್ತ್ರಿ ಹಾಕಿದ ಹಾಗೆ ಬಿಸಿಯಾಗಿತ್ತು. ಸರಿಸಿದಳು. ಎಡತೊಡೆಯ ಮೇಲೆ ಒಂದು ಕೆಂಪು ಗುರುತು, ಬೆರಳುದ್ದ, ಬೆರಳಗಲ. ಅದರ ನಡುವೆ ಬೆಳ್ಳಗೆ ನೀರು ತುಂಬಿದ ಬೊಕ್ಕೆ.

"ಏನೇ ಅದು?" ಎಂದಳು ತಂಗಿ. ಬೇರೆಯವರ ಕಾಲನ್ನು ನೋಡುವ ಹಾಗೆ ಬಗ್ಗಿ ನೋಡಿದಳು. "ಎ ಕೀ ಸುಡ್ತಿತ್ತು ಅಂತ ಆ ಬೆರಳು ಎತ್ಕೊಂಡೇ ಆಡ್ತಿದ್ದೆ. ಕಾಲಿಗೆ ನೋವೇನೂ ಇಲ್ಲ."

"ನಿನಗೆ ನೋವಾಗಲ್ಲ ಕಣೇ."

ಆಸ್ಪತ್ರೆಯ ನರ್ಸು ಗಾಯ ತೊಳೆದು ಪಟ್ಟಿ ಕಟ್ಟಿದಳು. ಮೂರು ದಿನದಿಂದ ಗಂಟೆಗಟ್ಟಲೆ ತೊಡೆ ಮೇಲಿತ್ತು ಎಂದು ಕೇಳಿ ತಲೆ ಅಲ್ಲಾಡಿಸಿದಳು. "ವಾರ ಆಗಿದ್ದರೆ ಮಾಂಸದ ತನಕ ಇಳೀತಿತ್ತು. ಈ ಕಾಲಿನಲ್ಲಿ ಗಾಯ ಮಾಯೋದು ಕಷ್ಟ, ಕಾಲಿಗೇ ಬರ್ತಿತ್ತು" ಎಂದಳು. ಆಮೇಲೆ, "ಇದೇನು, ಯಾರೋ ಬೆರಳು ಒತ್ತಿ ಹಿಡಿದ ಹಾಗಿದೆ?" ಎಂದು ಕೇಳಿದಳು.

ಬರುವಾಗ ರಿಕ್ಷಾದಲ್ಲಿ ತಂಗಿ ಹೊರಗೆ ನೋಡುತ್ತ ಕೂತಿದ್ದಳು. "ವಾಪಸ್ ತಗೊಂಡು ಹೋಗ್ತೀಯಾ?"

"ಹೂಂ."

"ನಾನೇ ಎತ್ತೋಕಾಗ್ತಿದ್ದದ್ದು ಅದೊಂದೇ."

ಅವಳು ತಂಗಿಯ ಕೈಯನ್ನು ಹಿಡಿದುಕೊಂಡಳು. ಬೆಚ್ಚಗಿತ್ತು.

ಶುಕ್ರವಾರ ಸಂಪಾದಕರು ಅವಳ ವರದಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ, ಪದ್ಧತಿಯನ್ನು ಮಕ್ಕಳ ಹಾಗೆ ಸಾಕಿದವರು.

"ಫಾರ್ಮಿನ ಪ್ರಕಾರ ಇದು ಪಾಸಮ್ಮ. ಅದೂ ಹನ್ನೊಂದು ವರ್ಷದಲ್ಲಿ ಎಲ್ಲಕ್ಕಿಂತ ತಣ್ಣಗಿನ ಯಂತ್ರ."

"ಫಾರ್ಮಿಗೆ ನಾಲ್ಕೇ ಬೆರಳು ಸರ್."

"ಈಗ ಹೊಸ ಸಾಲು ಸೇರಿಸಿದರೆ ಹಳೇ ಯಂತ್ರಗಳ ಜೊತೆ ಹೇಗೆ ಹೋಲಿಸೋದು? ಓದುಗರು ನಮ್ಮನ್ನ ನಂಬೋದೇ ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೀತೀವಿ ಅಂತ. ನಿನ್ನ ತಂಗಿಗೆ ಆದದ್ದಕ್ಕೆ ನನಗೂ ಸಂಕಟ ಇದೆ. ಆದರೆ ಯಾರೂ ತೊಡೆ ಮೇಲೆ ಮೂರು ದಿನ ಇಟ್ಕೊಳ್ಳಲ್ಲ."

"ಹಾಗಾದರೆ ನೀವೇ ಸಹಿ ಹಾಕಿ ಸರ್. ನಾನು ಹಾಕಲ್ಲ."

ಅವರು ಹುಬ್ಬೇರಿಸಿದರು. ಅವಳು ಅಷ್ಟು ಮಾತಾಡಿದ್ದೇ ಹೆಚ್ಚು. ಪರೀಕ್ಷೆಯ ಕೋಣೆಯಲ್ಲಿ ಓಟ ಆಗತಾನೇ ಮುಗಿದಿತ್ತು. "ಒಂದು ಸಲ ಬನ್ನಿ ಸರ್, ಎಡಗೈ ಇಡಿ. ಆಡೋರು ಇಡೋ ಹಾಗೆ" ಎಂದಳು. ಅವರು ನಗುತ್ತಲೇ ಬಂದು ಕೈಯಿಟ್ಟರು. ತಣ್ಣಗಿನ ನಾಲ್ಕು ಬೆರಳುಗಳ ಮೇಲೆ ಅವರ ನಾಲ್ಕು ಬೆರಳು ಕೂತವು. ಐದನೆಯದು ಎ ಕೀ ಮೇಲೆ ಕೂತಿತು. ಅವರು ಐದಾರು ಸೆಕೆಂಡು ತಡೆದರು. ಆಮೇಲೆ ಕೈ ಎಳೆದುಕೊಂಡು ಬೆರಳನ್ನು ಬಾಯಿಗಿಟ್ಟುಕೊಂಡರು.

"ಬರಿ" ಎಂದರು ಬಾಗಿಲಾಚೆ ಹೋಗುತ್ತ.

ಅವಳು ಬರೆದಳು. ಫಾರ್ಮಿಗೆ ಆರನೆಯ ಸಾಲು ಸೇರಿಸಿದಳು, ಉಂಗುರ ಬೆರಳಿನ ಜಾಗ ಎಂದು. ಏಳನೆಯದು ಅದರ ತಳ. ಈ ಯಂತ್ರವನ್ನು ಕೊಳ್ಳಬೇಡಿ, ತೊಡೆಯ ಮೇಲಂತೂ ಇಟ್ಟುಕೊಳ್ಳಲೇಬೇಡಿ ಎಂದು ನೇರವಾಗಿ ಹೇಳಿದಳು. ಓದುವವರು ತಮ್ಮ ಯಂತ್ರಗಳನ್ನು ತಾವೇ ಪರೀಕ್ಷಿಸಿಕೊಳ್ಳಲಿ ಎಂದು, ಎಲ್ಲೆಲ್ಲಿ ಮುಟ್ಟಿ ನೋಡಬೇಕೆಂಬುದನ್ನು ಚಿತ್ರದಲ್ಲೇ ತೋರಿಸಿದಳು. ಕೀಬೋರ್ಡಿನ ಮೇಲೆ ಕಿರುಬೆರಳು ಸೊಟ್ಟಗಿದ್ದ ತನ್ನದೇ ಎಡಗೈ ಊರಿ, ಮೇಲಿಂದ ಫೋಟೋ ತೆಗೆಸಿ, ಪ್ರತಿ ಬೆರಳ ತುದಿಗೂ ಒಂದು ಚುಕ್ಕಿ ಹಾಕಿಸಿದಳು. ಚಿತ್ರ ಅರ್ಧ ಪುಟ ಬಂತು. ಸ್ಪಷ್ಟವಾಗಿ ಬಂತು. ಎಷ್ಟೋ ಜನ ಓದುಗರು ಮೆಚ್ಚಿ ಬರೆದರು. ಆ ಯಂತ್ರ ಅಂಗಡಿಗೆ ಬರಲಿಲ್ಲ.

ತಂಗಿಯ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಅವಳು ಆಡಲಿಲ್ಲ. ಆಮೇಲೆ ಹಳೆಯ ಚಪ್ಪಡಿಕಲ್ಲನ್ನು ಮೇಜಿನ ಮೇಲಿಟ್ಟುಕೊಂಡು ಅರ್ಧರ್ಧ ಗಂಟೆ ಆಡುತ್ತಿದ್ದಳು. ಅದಕ್ಕಿಂತ ಹೆಚ್ಚು ಹೊತ್ತು ಕುರ್ಚಿಯಲ್ಲಿ ಕೂರಲು ಬೆನ್ನು ಬಿಡುತ್ತಿರಲಿಲ್ಲ.

ಐದು ತಿಂಗಳ ಮೇಲೆ ಅದೇ ಕಂಪನಿಯಿಂದ ಮತ್ತೊಂದು ಜೋಡಿ ಬಂತು. ಜೊತೆಗೆ ವಿನಯದ ಒಂದು ಪತ್ರ: ನಿಮ್ಮ ವರದಿಯನ್ನು ಗಮನವಿಟ್ಟು ಓದಿದ್ದೇವೆ. ಈ ಸಲದ್ದು ಇನ್ನೂ ಹಗುರ, ಒಂದು ಕಿಲೋ ನಾನೂರು. ಅವಳು ಕಣ್ಣು ಮುಚ್ಚಿ ಹೇಳಿದ ಅಂಕಿ ಗ್ರಾಮಿಗೆ ಗ್ರಾಂ ಸರಿಹೋಯಿತು.

ತಂಗಿಗೆ ಹೇಗೋ ಗೊತ್ತಾಗಿಬಿಟ್ಟಿತ್ತು. ಬೆಳಿಗ್ಗೆಯೇ ಕೇಳಿದ್ದಳು, "ಇವತ್ತು ಓಟ ಓಡಿಸ್ತೀಯಂತೆ?" ಎಂದು. ಬೇರೇನೂ ಕೇಳಿರಲಿಲ್ಲ. ಹಾಸಿಗೆಯ ಪಕ್ಕದ ಮೇಜನ್ನು ಮಾತ್ರ ಒರೆಸಿ ಖಾಲಿ ಮಾಡಿಟ್ಟಿದ್ದಳು.

ಓಟ ಮುಗಿಯಿತು. ಅವಳು ಕ್ಯಾಮೆರಾ ಎತ್ತಿದಳು.

ಈ ಸಲ ಕೈ ಚಿಕ್ಕದು. ಸಣ್ಣ ಅಂಗೈ, ಉದ್ದ ಬೆರಳು. ಐದೂ ಇದ್ದವು. ಕಿರುಬೆರಳು ಮೊದಲ ಗೆಣ್ಣಿನಲ್ಲಿ ಒಳಕ್ಕೆ ಸೊಟ್ಟಗಾಗಿತ್ತು, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿಕೊಂಡ ಬೆರಳು ಸೊಟ್ಟಗಾಗುವ ಹಾಗೆ.

ಅವಳು ತನ್ನ ಎಡಗೈಯನ್ನು ನೋಡಿಕೊಂಡಳು. ನೋಡಿಕೊಳ್ಳಬೇಕಾಗಿರಲಿಲ್ಲ.

ಗಾಜಿನಾಚೆ ಸ್ಕ್ರೂ ಮಾವ ನಿಂತಿದ್ದರು. ಏನೋ ಕೇಳುತ್ತಿದ್ದರು, ತುಟಿ ಆಡುತ್ತಿತ್ತು, ಸದ್ದಿಲ್ಲ. ಅವಳು ಕೀಬೋರ್ಡಿನ ಮೇಲೆ ಕೈಯಿಟ್ಟಳು. ಬೆರಳುಗಳು ತಾವ್ತಾವೇ ತಮ್ಮ ಜಾಗಕ್ಕೆ ಹೋಗಿ ಕೂತವು. ಎಲ್ಲೂ ಒಂದು ಕೂದಲೆಳೆಯಷ್ಟು ಆಚೀಚೆ ಇಲ್ಲ. ತಣ್ಣಗೆ ಹಿತವಾಗಿತ್ತು. ಅಡಿಯಿಂದ ಯಾರೋ ಬಹಳ ದಿನದಿಂದ ಕಾದಿದ್ದು, ಬಂದೆಯಾ ಎಂದು ಅಂಗೈಗೆ ಅಂಗೈ ಕೊಟ್ಟ ಹಾಗಿತ್ತು. ಅವಳು ಬದುಕಿದ್ದಳು, ಅದು ಅವಳ ಕೈ, ಅದು ಅವಳಿಲ್ಲದ ಎಷ್ಟೋ ಕಡೆ ಈಗಾಗಲೇ ಇರಬಹುದು.

ಗನ್ನು ತೆಗೆದುಕೊಂಡು ಒಂದೊಂದೇ ಸಾಲು ತುಂಬಿದಳು. ಮೂವತ್ತೆರಡು, ಮೂವತ್ತಮೂರು, ಮೂವತ್ತೆರಡು, ಮೂವತ್ತಮೂರು, ಮೂವತ್ತೆರಡು. ಉಂಗುರ ಬೆರಳಿನ ಜಾಗ, ಮೂವತ್ತೊಂದು. ಅದರ ತಳ, ಮೂವತ್ತಮೂರು. ಏಳೂ ಪಾಸು.

ಫೋನ್ ಮಿನುಗಿತು. ತಂಗಿ.

"ಹೇಗಿದೆ?"

"ನಾನು ಬರೆದ ಕಡೆಯೆಲ್ಲ ತಣ್ಣಗಿದೆ."

"ಹಾಗಾದರೆ ಸಂಜೆ ತರ್ತೀಯಾ?"

ಅವಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಯಂತ್ರವನ್ನು ತಿರುವಿ ಮಲಗಿಸಿದಳು. ಕಪ್ಪು ತಳ, ನುಣುಪು, ಎಲ್ಲ ಕಡೆ ಒಂದೇ ಥರ. ಗನ್ನನ್ನು ಒಂದು ಮೂಲೆಗೆ ಹಿಡಿದಳು. ಮೂವತ್ತನಾಲ್ಕು. ಒಂದು ಬೆರಳಷ್ಟು ಸರಿಸಿದಳು. ಮೂವತ್ತನಾಲ್ಕು. ಇನ್ನೊಂದು ಬೆರಳಷ್ಟು. ಹಾಳೆ ಪೆನ್ನು ದೂರ ತಳ್ಳಿದ್ದಳು. ಈ ಅಂಕಿಗಳನ್ನು, ಈ ಜಾಗಗಳನ್ನು, ಎಲ್ಲೂ ಬರೆಯುವುದಿಲ್ಲ.

"ಅಕ್ಕ? ಇದೀಯಾ?"

"ಇದೀನಿ. ಇವತ್ತಾಗಲ್ಲ ಕಣೇ. ಇಷ್ಟೆಲ್ಲ ಬಿಸಿನ ಎಲ್ಲೋ ಒಂದು ಕಡೆ ಇಟ್ಟಿರಲೇಬೇಕು. ಹುಡುಕ್ತಿದೀನಿ."

"ಎಷ್ಟು ದಿನ?"

ಗನ್ನಿನ ಅಂಕಿ ಮೂವತ್ತೇಳಾಯಿತು, ಆಮೇಲೆ ಮೂವತ್ತೊಂಬತ್ತು. ಇನ್ನೂ ಒಂದು ಬೆರಳಷ್ಟು ಸರಿಸಿದಳು, ತನ್ನ ಕೈ ಯಾವತ್ತೂ ಹೋಗದ ಕಡೆಗೆ.